ನಗುತ್ತಿದ್ದೇನೆ, ಮುಖ ನೋಡಬೇಡಿ

ನನ್ನ ಮುಖದ ದೆಸೆಯಿಂದ ನಮ್ಮ ಮನೆಗೆ ಒಂದು ತಿಂಗಳು ಪುಕ್ಕಟೆ ತಿಂಡಿ ಬಂತು. ಮೊದಲು ಶೇಂಗಾ ಹೋಳಿಗೆ, ಮರುವಾರ ಕರ್ಚಿಕಾಯಿ, ಅದರ ಮರುವಾರ ಎಳ್ಳುಂಡೆ. ತಂದುಕೊಡುತ್ತಿದ್ದವರು ಎದುರುಮನೆಯ ಅಕ್ಕ. ಅವರ ಯಜಮಾನರಿಗೆ ಬೀದರಿನ ಹಳೆ ಊರಿನಲ್ಲಿ ಕಿರಾಣಿ ಅಂಗಡಿ. ಹದಿನೆಂಟು ವರ್ಷದಿಂದ ನಾವು ಎದುರುಬದುರು ಇದ್ದೇವೆ. ಒಂದು ಸಂಜೆ ಅವರು ಕೈಯಲ್ಲಿ ಮೊಬೈಲು ಹಿಡಿದು ಓಡುತ್ತ ಬಂದರು. ಮಗಳಿಗೆ ಗಂಡು ಗೊತ್ತಾಗಿತ್ತು. ಹುಡುಗನ ಫೋಟೊ ತೋರಿಸಿ ನನ್ನ ಮುಖವನ್ನೇ ನೋಡುತ್ತ ನಿಂತರು.

ನನಗೆ ನಿಜವಾಗಿಯೂ ಖುಷಿಯಾಗಿತ್ತು. ಹುಡುಗ ಲಕ್ಷಣವಾಗಿದ್ದ, ಕಣ್ಣಲ್ಲಿ ಒಳ್ಳೆಯತನ ಇತ್ತು. ಭಾಳ ಛಲೋ ಆತು ಎಂದು ಹೇಳಿದೆ. ಆದರೆ ಧ್ವನಿ ನನ್ನ ತುಟಿ ದಾಟಿ ಎರಡು ಗೇಣು ಹೋಗುವಷ್ಟರಲ್ಲೇ ಬಿದ್ದುಹೋಯಿತು. ಮುಖವಂತೂ ಸುಣ್ಣ ಹೊಡೆದ ಗೋಡೆಯ ಹಾಗೆ ಇದ್ದಲ್ಲೇ ಇತ್ತು. ಅಕ್ಕ ಮೊಬೈಲನ್ನು ಸೆರಗಿನೊಳಗೆ ಎಳೆದುಕೊಂಡು, ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಸುಳ್ಳು ಹೇಳಿ ಹೊರಟುಹೋದರು. ಮರುದಿನ ಹೋಳಿಗೆಯ ಬಟ್ಟಲು ಬಂತು.

"ಟೀಚರ್ರ, ನನ್ನಿಂದ ಏನರ ತಪ್ಪ ಆಗಿದ್ರ ಮನಸಿನ್ಯಾಗ ಇಟ್ಕೋಬ್ಯಾಡ್ರಿ," ಎಂದರು.

ಹಾಗೇನಿಲ್ಲ ಎಂದು ನಗಲು ಹೋದೆ. ನಗು ಬರಲಿಲ್ಲ. ಬರಬೇಕಾದ ಕಡೆ ಗದ್ದ ಒಂದಿಷ್ಟು ನಡುಗಿತು, ಅಷ್ಟೇ. ಅದನ್ನು ನೋಡಿ ಅಕ್ಕ ಇನ್ನೂ ಹೆದರಿದರು. ಮರುವಾರ ಬಂದ ಬಟ್ಟಲು ಮೊದಲಿನದಕ್ಕಿಂತ ದೊಡ್ಡದಾಗಿತ್ತು.

ಸಂಗತಿ ಇಷ್ಟೇ: ನನಗೆ ಪಾರ್ಕಿನ್ಸನ್ ಕಾಯಿಲೆ. ಕೈ ನಡುಗುವುದು ಎಲ್ಲರಿಗೂ ಗೊತ್ತಿರುವ ಲಕ್ಷಣ. ಮುಖದ ಸ್ನಾಯುಗಳೂ ಬಿಗಿಯಾಗುತ್ತವೆ, ಒಳಗೆ ಮನಸ್ಸು ಕುಣಿಯುತ್ತಿದ್ದರೂ ಹೊರಗೆ ಮುಖ ಕುಣಿಯುವುದಿಲ್ಲ ಎಂಬುದು ಯಾರಿಗೂ ತಿಳಿದಿರುವುದಿಲ್ಲ. ನಾನೂ ಅದನ್ನು ಯಾರಿಗೂ ಹೇಳಿರಲಿಲ್ಲ. ಮೂವತ್ತೊಂದು ವರ್ಷ ಸಾಲೆಯಲ್ಲಿ ಕಲಿಸಿದವಳು ನಾನು. ಓಣಿಯವರು "ಅಯ್ಯೋ ಪಾಪ" ಅನ್ನುವುದನ್ನು ಕೇಳುವುದಕ್ಕಿಂತ "ಟೀಚರಿಗೆ ಸೊಕ್ಕು" ಅನ್ನುವುದನ್ನು ಕೇಳುವುದೇ ಮೇಲು ಎಂದು ನನಗೆ ಅನಿಸಿತ್ತು.

ನಮ್ಮವರಿಗೆ ಮಾತ್ರ ಈ ವ್ಯವಸ್ಥೆ ಬಹಳ ಹಿಡಿಸಿತು. ಅಕ್ಕನಿಗೆ ನಿಜ ಹೇಳಿಬಿಡುತ್ತೇನೆ ಎಂದು ನಾನು ಎದ್ದಾಗಲೆಲ್ಲ ಅವರು ತಡೆದರು.

"ಇನ್ನೊಂದ್ ವಾರ ತಡಿ ಮಾಸ್ತರಬಾಯಿ. ಹೂರಣದ ಹೋಳಗಿ ಇನ್ನಾ ಬಂದಿಲ್ಲ."

ತೊಳೆದ ಬಟ್ಟಲು ವಾಪಸು ಕೊಡಲು ಅವರೇ ಹೋಗುತ್ತಿದ್ದರು. ಟೀಚರ ಸಿಟ್ಟು ಇಳಿಯಿತೇ ಎಂದು ಅಕ್ಕ ಕೇಳಿದರೆ, ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿ, "ಇನ್ನಾ ಸ್ವಲ್ಪ ಅದರಿ" ಎಂದು ಪಿಸುಗುಟ್ಟಿ ಬರುತ್ತಿದ್ದರಂತೆ.

ನಮ್ಮವರು ಬಸ್ ಕಂಡಕ್ಟರ್ ಆಗಿದ್ದವರು. ಬೀದರ–ಔರಾದ, ಬೀದರ–ಭಾಲ್ಕಿ ದಾರಿಯ ಒಂದೊಂದು ತಗ್ಗೂ ಅವರಿಗೆ ಗೊತ್ತು. ನನ್ನ ಕಾಯಿಲೆ ಮೊದಲು ಕಾಣಿಸಿಕೊಂಡದ್ದು ಕರಿಹಲಗೆಯ ಮೇಲೆ. ಬರೆಯುತ್ತ ಬರೆಯುತ್ತ ಅಕ್ಷರ ಸಣ್ಣದಾಗಿ, ಸಾಲಿನ ಕೊನೆಗೆ ಹೋಗುವಷ್ಟರಲ್ಲಿ ಸಾಸಿವೆ ಕಾಳಾಗುತ್ತಿತ್ತು. ಹಿಂದಿನ ಸಾಲಿನ ಮಕ್ಕಳು ತಮ್ಮ ಕಣ್ಣು ಕೆಟ್ಟಿವೆ ಎಂದುಕೊಂಡು ಮನೆಯಲ್ಲಿ ಹೇಳಿದರು. ಒಂದೇ ತಿಂಗಳಲ್ಲಿ ನಾಲ್ಕು ಮಕ್ಕಳನ್ನು ತಂದೆತಾಯಂದಿರು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದರು. ನಾಲ್ವರ ಕಣ್ಣೂ ಸರಿಯಾಗಿದ್ದವು. ನಾನು ನಿವೃತ್ತಳಾದ ಮೇಲೆ ನರರೋಗದ ಡಾಕ್ಟರು ನೋಡಿ, ಮೆದುಳು ಕೊಡುವ ಹುಕುಂ ಕೈಕಾಲಿಗೆ ತಡವಾಗಿ ಮುಟ್ಟುತ್ತದೆ ಎಂದು ವಿವರಿಸಿದರು. ನಮ್ಮವರು ಗಂಭೀರವಾಗಿ ತಲೆಯಾಡಿಸಿದರು.

"ಅಂದ್ರ ಬಸ್ ಲೇಟ್ ಅದರಿ. ಕ್ಯಾನ್ಸಲ್ ಆಗಿಲ್ಲ," ಎಂದರು. ಡಾಕ್ಟರು ಒಂದು ಕ್ಷಣ ಯೋಚಿಸಿ, ಹಾಗೆಯೇ ಎಂದು ಒಪ್ಪಿಕೊಂಡರು.

ಅಂದಿನಿಂದ ಅವರು ನನ್ನ ಸೇವೆಯನ್ನು ಡ್ಯೂಟಿಯ ಹಾಗೆ ಹಿಡಿದರು. ಗುಳಿಗೆಗಳನ್ನು ಹೊತ್ತಿನ ಪ್ರಕಾರ ನಾಲ್ಕು ಡಬ್ಬಿಯಲ್ಲಿ ಜೋಡಿಸಿ, ಪ್ರತಿ ಹೊತ್ತಿಗೂ ಹತ್ತು ನಿಮಿಷ ಮೊದಲೇ ಕೂಗಿ ತಿಳಿಸುತ್ತಿದ್ದರು. ಕಸಬರಿಗೆ, ತೊಳೆಯುವ ಬಟ್ಟೆ, ಅಡುಗೆ ಎಲ್ಲವನ್ನೂ ನನ್ನ ಕೈಯಿಂದ ಕಿತ್ತುಕೊಂಡರು. ನಾನು ಕುರ್ಚಿಯ ಮೇಲೆ ಕೂತು ನೋಡಬೇಕು. ಅವರು ಮೊದಲ ಸಲ ಬಡಿದ ಜೋಳದ ರೊಟ್ಟಿ ಥೇಟ್ ಬೀದರ ಜಿಲ್ಲೆಯ ನಕಾಶೆಯಾಗಿತ್ತು. ಮೇಲೆ ಔರಾದ ತಾಲೂಕು ಒಂದಿಷ್ಟು ಹೆಚ್ಚೇ ಸೀದಿತ್ತು. ಅದನ್ನು ನನ್ನ ತಟ್ಟೆಗೆ ಹಾಕಿ, "ನಿನ್ನ ತವರು ನೀನೇ ತಿನ್ನು" ಎಂದರು. ಏಕೆಂದರೆ ನಾನು ಔರಾದ ತಾಲೂಕಿನ ಎಕಂಬಾದವಳು.

ಇನ್ನೊಂದು ತೊಂದರೆ ಬಾಗಿಲದ್ದು. ಬಯಲಲ್ಲಿ ಚೆನ್ನಾಗಿ ನಡೆಯುವ ನಾನು ಬಾಗಿಲ ಹತ್ತಿರ ಬಂದರೆ ನಿಂತುಬಿಡುತ್ತಿದ್ದೆ. ಕಾಲಿಗೆ ಯಾರೋ ನೆಲದಲ್ಲಿ ಮೊಳೆ ಹೊಡೆದ ಹಾಗೆ. ಕೈ ಹಿಡಿದು ಎಳೆದರೆ ಮೈ ಮುಂದೆ ಬರುತ್ತದೆ, ಕಾಲು ಬರುವುದಿಲ್ಲ. ಒಂದು ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಾನು ಹೀಗೆ ನಿಂತಿದ್ದೆ. ನನ್ನ ಹಿಂದೆ ಅವರು ಬಿಸಿ ಚಹಾದ ಪಾತ್ರೆ ಹಿಡಿದು ನಿಂತಿದ್ದರು. ಬೆರಳು ಸುಡುತ್ತಿತ್ತು. ತಾಳಲಾರದೆ ಒಂದು ಕೈಯಿಂದ ಚೌಕಟ್ಟಿಗೆ ದಪ್ ದಪ್ ಎಂದು ಎರಡು ಸಲ ಬಡಿದು, ಡ್ಯೂಟಿಯ ಧ್ವನಿಯಲ್ಲಿ "ರೈಟ್, ರೈಟ್" ಎಂದು ಕೂಗಿದರು. ನನ್ನ ಬಲಗಾಲು ತಾನಾಗಿ ಎದ್ದಿತು. ಹಿಂದೆಯೇ ಎಡಗಾಲು. ನಾನು ಒಳಗೆ ಹೋಗಿ ನಿಂತು ಅವರನ್ನು ನೋಡಿದೆ, ಅವರು ನನ್ನ ಕಾಲು ನೋಡಿದರು. ಅರ್ಧ ಗಂಟೆ ಮನೆಯ ಎಲ್ಲಾ ಬಾಗಿಲಲ್ಲೂ ಪರೀಕ್ಷೆ ನಡೆಯಿತು. ಬಚ್ಚಲಮನೆಯ ಬಾಗಿಲಲ್ಲೂ ಕೆಲಸ ಮಾಡಿತು. ತಾಳ ಇದ್ದರೆ ಕಾಲು ಬಿಡಿಸಿಕೊಳ್ಳುತ್ತದೆ, ಇದು ಗೊತ್ತಿರುವ ಉಪಾಯವೇ ಎಂದು ಡಾಕ್ಟರು ಆಮೇಲೆ ಹೇಳಿದರು. ಓಣಿಯ ಜನಕ್ಕೆ ಅದು ತಿಳಿಯದು. ಕಂಡಕ್ಟರ್ ಸಾಹೇಬರಿಗೆ ನಿವೃತ್ತಿಯಾದ ಮೇಲೆ ತಲೆ ಕೆಟ್ಟಿದೆ, ಟೀಚರು ಅದಕ್ಕೇ ಸಿಟ್ಟಾಗಿ ಕೂತಿದ್ದಾರೆ ಎಂದು ಒಂದು ಸುದ್ದಿ ಹುಟ್ಟಿತು.

ಇಷ್ಟೆಲ್ಲ ನಗೆಯ ನಡುವೆ ನನ್ನ ಮನಸ್ಸು ಮಾತ್ರ ದಿನದಿನಕ್ಕೆ ಕೆಳಗಿಳಿಯುತ್ತಿತ್ತು. ಮಧ್ಯಾಹ್ನ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದೆ. ನಿದ್ದೆ ಬರುತ್ತಿರಲಿಲ್ಲ. ಯಾವ ಕಾರಣವೂ ಇಲ್ಲದೆ ಕಣ್ಣೀರು ಬರುತ್ತಿತ್ತು, ಅದು ಬಂದದ್ದಕ್ಕೆ ನಾಚಿಕೆ ಬರುತ್ತಿತ್ತು. ಫೋನು ಬಂದರೆ ಎತ್ತುತ್ತಿರಲಿಲ್ಲ. ಎಕಂಬಾದಲ್ಲಿ ನನ್ನ ತಮ್ಮ ಹೊಸ ಮನೆ ಕಟ್ಟಿಸಿದ್ದ. ಮನೆ ತುಂಬುವುದು ಎರಡು ತಿಂಗಳ ಮೇಲಿತ್ತು, ಅದಕ್ಕೆ ಎಂಟು ದಿನ ಮೊದಲೇ ಬಾ ಎಂದು ಈಗಲೇ ಕರೆದ. ನಾನು ಬರುವುದಿಲ್ಲ ಎಂದೆ. ಕಾಲು ನೋವು ಎಂದು ಕಾರಣ ಕೊಟ್ಟೆ. ನಡುಗುವ ಕೈಯಿಂದ ಉಣ್ಣುವುದನ್ನು ಸಂಬಂಧಿಕರ ಸಾಲಿನಲ್ಲಿ ಕೂತು ತೋರಿಸಬೇಕಲ್ಲ ಎಂಬುದು ನಿಜವಾದ ಕಾರಣ.

ನಮ್ಮವರು ಭಾಲ್ಕಿಗೆ ಫೋನು ಮಾಡಿದರು. ಮಗಳು ಅಲ್ಲಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಶನಿವಾರ ಮಧ್ಯಾಹ್ನ ಬಸ್ಸಿಳಿದು ಬಂದಳು. ಬರುವಾಗ ಒಂದು ಹಾಳೆ ಛಾಪಿಸಿಕೊಂಡು ಬಂದಿದ್ದಳು. ಅದರಲ್ಲಿ ಐದು ದುಂಡನೆಯ ಮುಖಗಳು: ಬಾಯಿ ಅಗಲಿಸಿ ನಗುವ ಮುಖದಿಂದ ಹಿಡಿದು ಹುಬ್ಬು ಗಂಟಿಕ್ಕಿದ ಮುಖದವರೆಗೆ. ಕೆಳಗೆ ತಿಂಗಳ ದಿನಗಳ ಮನೆಗಳು.

"ಅವ್ವಾ, ದಿನಾ ಸಂಜಿಗಿ ಮನಸ್ಸು ಹ್ಯಾಂಗದ ಅಂತ ಒಂದ್ ಟಿಕ್ ಮಾಡು. ಡಾಕ್ಟರ್ರಿಗಿ ತೋರ್ಸಮು."

ನನ್ನ ಕೈ ಆ ಸಣ್ಣ ಮನೆಯೊಳಗೆ ಟಿಕ್ ಹಾಕಲು ಹೋಗಿ ಮೂರು ದಿನಗಳನ್ನು ಒಟ್ಟಿಗೆ ಗೀಚಿತು. ಹೀಗಾಗಿ ಬರೆಯುವ ಕೆಲಸ ನಮ್ಮವರಿಗೆ ಹೋಯಿತು. ಅವರು ಹಾಳೆಯನ್ನು ಫ್ರಿಜ್ಜಿಗೆ ಅಂಟಿಸಿದರು. ದಿನಾ ಸಂಜೆ ಬಂದು, ಕನ್ನಡಕ ಏರಿಸಿ, ನನ್ನನ್ನು ಒಮ್ಮೆ ನೋಡಿ, ಏನೋ ಬರೆದು ಹೋಗುತ್ತಿದ್ದರು. ಎರಡು ವಾರ ನಾನು ಆ ಕಡೆ ತಿರುಗಿಯೂ ನೋಡಲಿಲ್ಲ.

ಒಂದು ದಿನ ಅವರು ಹಾಲು ತರಲು ಹೋಗಿದ್ದಾಗ ಮೊಸರು ತೆಗೆಯಲು ಫ್ರಿಜ್ಜಿನ ಹತ್ತಿರ ಹೋದೆ. ಹದಿನಾಲ್ಕು ದಿನ, ಹದಿನಾಲ್ಕೂ ಗಂಟುಹುಬ್ಬಿನ ಮುಖಕ್ಕೆ ಟಿಕ್. ಪಕ್ಕದ ಖಾಲಿ ಜಾಗದಲ್ಲಿ ಬಸ್ಸಿನ ವೇಬಿಲ್ ತುಂಬುವ ಅದೇ ಅಚ್ಚುಕಟ್ಟಾದ ಅಕ್ಷರದಲ್ಲಿ ಷರಾ ಬರೆದಿದ್ದರು. "ಸಮಯ ಆರು. ಸಿಟ್ಟು. ಕಾರಣ ಕೇಳಲು ಧೈರ್ಯವಾಗಲಿಲ್ಲ." "ಬದನೆಕಾಯಿ ಎಣ್ಣೆಗಾಯಿ ಮಾಡಲಾಯಿತು. ಆದರೂ ಸಿಟ್ಟು." "ಮಗಳ ಫೋನ್ ಬಂತು. ಸಿಟ್ಟು ಯಥಾಸ್ಥಿತಿ."

ಮಗಳ ಫೋನು ಬಂದ ಆ ದಿನ ನನಗೆ ನೆನಪಿತ್ತು. ಎಷ್ಟೋ ದಿನಗಳ ಮೇಲೆ ಮನಸ್ಸು ಹಗುರಾಗಿದ್ದ ದಿನ ಅದು. ಅವಳ ಸಾಲೆಯ ಪ್ರಯೋಗಾಲಯಕ್ಕೆ ಕೋತಿ ನುಗ್ಗಿದ ಕಥೆ ಕೇಳಿ ನಾನು ಹೊಟ್ಟೆ ತುಂಬ ನಕ್ಕಿದ್ದೆ. ಅವರು ಎದುರಿಗೇ ಕೂತಿದ್ದರು. ನನ್ನ ನಗು ಅವರಿಗೆ ಕಂಡೇ ಇರಲಿಲ್ಲ. ಎದುರುಮನೆ ಅಕ್ಕ ಮೋಸ ಹೋಗುತ್ತಿದ್ದಾರೆ ಎಂದು ನಾವಿಬ್ಬರೂ ಹೋಳಿಗೆ ತಿಂದು ನಗುತ್ತಿದ್ದೆವಲ್ಲ, ಅದೇ ಮೋಸ ನಮ್ಮ ಮನೆಯೊಳಗೆ ದಿನವೂ ನಡೆದಿತ್ತು.

ಅವರು ಬಂದ ಮೇಲೆ ಹಾಳೆ ತೋರಿಸಿ ಕೇಳಿದೆ.

"ನಾ ಸಿಟ್ಟಿಗಿ ಬಂದೀನಿ ಅಂತ ಯಾರ್ ಹೇಳಿದ್ರಿ ನಿಮಗ?"

"ಮುಖ ಹೇಳತದ."

"ಮುಖ ಸುಳ್ಳ ಹೇಳತದರಿ. ಬಾಯಿಗಿ ಕೇಳ್ಬೇಕಿಲ್ಲ?"

ಅವರು ಹಾಲಿನ ಚೀಲ ಕೆಳಗಿಟ್ಟು ಕೂತರು. ಹಾಳೆಯನ್ನು ಮೇಲಿಂದ ಕೆಳಗೆ ಓದಿದರು. "ಹದಿನಾಲ್ಕ್ ದಿನ ನಾ ಅಂಜಿ ಅಂಜಿ ಉಂಡೀನಿ," ಎಂದರು.

ನನಗೆ ನಗೆ ಬಂತು. ಬಂದಿದೆ ಎಂದು ಬಾಯಿಬಿಟ್ಟು ಹೇಳಿದೆ. ಆಮೇಲೆ ಪೆನ್ನು ತೆಗೆದುಕೊಂಡು, ಈಗ ನಿಮ್ಮದು ಹೇಳಿ, ನಾನು ಬರೆಯುತ್ತೇನೆ ಎಂದೆ. ನನಗೇನಾಗಿದೆ, ನಾರ್ಮಲ್ ಎಂದರು. ಸಾಲೆಯಲ್ಲಿ ನಾಲಿಗೆಯ ತುದಿಯಲ್ಲಿ ಸುಳ್ಳಿಟ್ಟುಕೊಂಡ ಮಕ್ಕಳನ್ನು ಎಷ್ಟು ನೋಡಿಲ್ಲ ನಾನು. ಅವರನ್ನೇ ನೋಡುತ್ತ ಕಾದೆ. ಸುಮ್ಮನೆ ಕಾಯುವುದಕ್ಕೆ ನನ್ನ ಮುಖದಂಥ ಮುಖ ಇನ್ನೊಂದಿಲ್ಲ. ಹಾಲಿನ ಬೂತು ನಮ್ಮ ಓಣಿಯ ಮೂಲೆಯಲ್ಲೇ ಇದೆ, ಆದರೂ ಅವರಿಗೆ ಹಾಲು ತರಲು ದಿನಾ ಒಂದೂವರೆ ತಾಸು ಬೇಕಾಗುತ್ತಿತ್ತು. ಯಾರ ಜೊತೆಗೋ ಹರಟುತ್ತಾರೆ ಎಂದುಕೊಂಡಿದ್ದೆ. ಕೊನೆಗೆ ಅವರೇ ಹೇಳಿದರು. ದಿನಾ ಬಸ್‌ಸ್ಟ್ಯಾಂಡಿಗೆ ಹೋಗಿ ಔರಾದ ಬಸ್ಸು ನಿಲ್ಲುವ ಕಡೆ ಬೆಂಚಿನ ಮೇಲೆ ಕೂತಿರುತ್ತಿದ್ದರಂತೆ. ಜನ ಅವರನ್ನು ವಿಚಾರಣೆ ಕೌಂಟರಿನವರೆಂದು ತಿಳಿದು ಬಸ್ಸಿನ ವೇಳೆ ಕೇಳುತ್ತಿದ್ದರಂತೆ, ಇವರು ಹೇಳುತ್ತಿದ್ದರಂತೆ.

"ಅಲ್ಲಿ ಕುಂತು ಏನ್ ಮಾಡ್ತೀರಿ?"

"ಗಾಡಿ ಸಪ್ಪಳದಾಗ ಅತ್ರ ಯಾರಿಗೂ ಕೇಳ್ಸಂಗಿಲ್ಲ."

ಅದನ್ನು ಅವರು ಬಸ್ಸಿನ ವೇಳೆ ಹೇಳಿದ ಹಾಗೇ ಹೇಳಿದರು. ನನ್ನ ಮುಖದಿಂದ ಏನೂ ಆಗುವ ಹಾಗಿರಲಿಲ್ಲ. ಅದಕ್ಕೇ ಅವರ ಕೈ ಹಿಡಿದುಕೊಂಡೆ. ನನ್ನ ಕೈ ನಡುಗುತ್ತಿತ್ತು, ಅವರದೂ ಅದರ ಜೊತೆ ನಡುಗಿತು. ಹಾಗೆ ಎಷ್ಟು ಹೊತ್ತು ಕೂತಿದ್ದೆವೋ, ಹಾಲಂತೂ ಚೀಲದಲ್ಲೇ ಕೆಟ್ಟಿತು.

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಇಬ್ಬರೂ ಎಲ್ಲವನ್ನೂ ಹೇಳಿದೆವು. ಇಬ್ಬರೂ ಒಟ್ಟಿಗೇ ಮಾತಾಡಿದ್ದರಿಂದ ಯಾರ ಚೀಟಿ ಇದು ಎಂದು ಅವರು ಎರಡು ಸಲ ಕೇಳಬೇಕಾಯಿತು. ಮನಸ್ಸು ಕುಗ್ಗುವುದು ನನ್ನ ದೌರ್ಬಲ್ಯವಲ್ಲ, ಕೈ ನಡುಗುವ ಹಾಗೆಯೇ ಅದೂ ಕಾಯಿಲೆಯ ಒಂದು ಭಾಗ ಎಂದರು. ಹಳೆಯ ಗುಳಿಗೆಯ ಪ್ರಮಾಣ ಬದಲಿಸಿದರು, ಮನಸ್ಸಿಗೆಂದು ಇನ್ನೊಂದು ಗುಳಿಗೆ ಕೊಟ್ಟರು. ಅದು ಕೆಲಸ ಮಾಡಲು ಕೆಲವು ವಾರ ಬೇಕು, ನಡುವೆ ಬಿಡಬಾರದು ಎಂದರು. ನಮ್ಮವರಿಗೆ ದಿನಾ ಒಂದು ತಾಸು ಹೊರಗೆ ಹೋಗಬೇಕೆಂದೂ, ಅದಕ್ಕೆ ಹಾಲಿನ ನೆಪ ಬೇಡವೆಂದೂ ಹೇಳಿದರು. ಮನೆಗೆಲಸದಲ್ಲಿ ಅರ್ಧ ನನಗೆ ವಾಪಸು ಕೊಡಬೇಕೆಂದರು. ನಮ್ಮವರು ಇದಕ್ಕೆ ಮಾತ್ರ ಸ್ವಲ್ಪ ತಕರಾರು ತೆಗೆದರು. ರೊಟ್ಟಿಯ ಮೇಲೆ ಅವರಿಗೆ ಅಭಿಮಾನ ಬಂದುಬಿಟ್ಟಿತ್ತು.

ಈಗ ಹಿಟ್ಟು ನಾದಿ ಬಡಿಯುವುದು ನಾನು, ಬೇಯಿಸುವುದು ಅವರು. ನಡುಗುವ ಕೈ ರೊಟ್ಟಿ ಬಡಿಯುವುದಕ್ಕೆ ಅಂಥ ಅಡ್ಡಿಯಲ್ಲ ಎಂದು ನನಗೆ ಆಗ ತಿಳಿಯಿತು. ಮುಖಗಳ ಹಾಳೆಯನ್ನು ಕಿತ್ತು ಹಾಕಿದೆವು. ಬದಲಿಗೆ ಸಂಜೆ ಚಹಾದ ಹೊತ್ತಿಗೆ ಇಬ್ಬರೂ ತಮ್ಮ ಮನಸ್ಸು ಹೇಗಿದೆ ಎಂದು ಒಂದೊಂದು ಮಾತಲ್ಲಿ ಹೇಳಬೇಕು ಎಂದು ಮಾಡಿಕೊಂಡೆವು. ಮೊದಲ ದಿನ ಅವರು "ಪಂಕ್ಚರ್" ಎಂದರು. ನಾನು "ಕೊನೇ ಪಿರಿಯಡ್" ಎಂದೆ. ಒಮ್ಮೆ ಅವರು "ಘಾಟ್‌ನ್ಯಾಗ ಬ್ರೇಕ್ ಹತ್ತವಲ್ದು" ಎಂದದ್ದಕ್ಕೆ ಅಂದು ರಾತ್ರಿ ಅಡುಗೆ ಬಿಟ್ಟು ಹೊರಗಿನಿಂದ ಪೂರಿ ತರಿಸಿ ತಿಂದೆವು.

ಎದುರುಮನೆ ಅಕ್ಕನಿಗೆ ಹೇಳಲು ನಾನೇ ಹೋದೆ. ಅವರು ಬಾಣಲೆಯ ಮುಂದೆ ಕೂತಿದ್ದರು, ನನ್ನ ಹೆಸರಿಗೇ ಏನೋ ಕರಿಯುತ್ತಿದ್ದರು. ಕಾಯಿಲೆಯ ಹೆಸರು, ಮುಖದ ವಿಚಾರ ಎಲ್ಲ ಹೇಳಿದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಆಮೇಲೆ, ತಿಂಗಳೆಲ್ಲ ತಾವು ಅಂಜಿದ ಪರಿ ನೆನೆದು ನಕ್ಕರು. ಕೊನೆಗೆ ಕಣ್ಣು ಕಿರಿದು ಮಾಡಿ, ಹಾಗಾದರೆ ನಿಮ್ಮವರು ಇನ್ನೂ ಸಿಟ್ಟಿದೆ ಎಂದು ಯಾಕೆ ಹೇಳುತ್ತಿದ್ದರು ಎಂದು ಕೇಳಿದರು. ನಾನು ಗಂಡನನ್ನು ಉಳಿಸಿಕೊಳ್ಳಲು ಹೋಗಲಿಲ್ಲ. ಅಂದು ಸಂಜೆ ಅವರಿಗೆಂದೇ ಒಂದು ಬಟ್ಟಲು ಹಾಗಲಕಾಯಿ ಪಲ್ಯ ಬಂತು. ತಿಂದು ಮುಗಿಸುವವರೆಗೆ ಅಕ್ಕ ಎದುರಿಗೇ ನಿಂತಿದ್ದರು.

ಕೆಲವು ವಾರಗಳಲ್ಲಿ ಮನಸ್ಸು ಮೆಲ್ಲಗೆ ಏಳತೊಡಗಿತು. ತಮ್ಮನ ಮನೆ ತುಂಬುವ ದಿನವೂ ಹತ್ತಿರ ಬಂತು. ಹೋಗೋಣ ಎಂದು ನಾನೇ ಹೇಳಿದೆ.

ಬೀದರ ಬಸ್‌ಸ್ಟ್ಯಾಂಡಿನಲ್ಲಿ ಬೆಳಗಿನ ಔರಾದ ಬಸ್ಸು ನಿಂತಿತ್ತು. ಹಿಂದಿನಿಂದ ಯಾರೂ ನನ್ನನ್ನು ನೂಕಬಾರದೆಂದು ಎಲ್ಲರೂ ಹತ್ತುವವರೆಗೆ ಕಾದೆವು. ಕೊನೆಗೆ ನಾನು ಮೆಟ್ಟಿಲ ಮೇಲೆ ಒಂದು ಕಾಲಿಟ್ಟೆ, ಇನ್ನೊಂದು ಕಾಲು ನೆಲಕ್ಕೆ ಅಂಟಿಕೊಂಡಿತು. ನಮ್ಮವರು ಎರಡೂ ಚೀಲ ಒಂದೇ ಕೈಗೆ ತೆಗೆದುಕೊಂಡು, ಬಸ್ಸಿನ ತಗಡಿಗೆ ದಪ್ ದಪ್ ಎಂದು ಬಡಿದು, ಹೊಟ್ಟೆಯಾಳದಿಂದ "ರೈಟ್, ರೈಟ್" ಎಂದರು.

ಕಾಲು ಎದ್ದಿತು. ನಾನು ಮೇಲೆ ಹೋದೆ. ಬಸ್ಸೂ ಹೊರಟಿತು.

ಡ್ರೈವರು ತಿರುಗಿ ಸಹ ನೋಡಲಿಲ್ಲ. ಬಾಗಿಲು ಮುಚ್ಚಿತು, ಗೇರು ಬಿತ್ತು, ಬಸ್ಸು ಸ್ಟ್ಯಾಂಡಿನ ಗೇಟು ದಾಟಿತು. ಹಿಂದಿನ ಗಾಜಿನಲ್ಲಿ ನಮ್ಮವರು ಕಾಣಿಸಿದರು, ಎರಡು ಚೀಲ ಹಿಡಿದು ಓಡುತ್ತ, ಕೈಯೆತ್ತಿ "ಹೋಲ್ಡಾನ್" ಎನ್ನುತ್ತ. ಅವರ ಪಕ್ಕದಲ್ಲಿ ಇನ್ನೊಬ್ಬರು ಓಡುತ್ತಿದ್ದರು. ಕೊರಳಲ್ಲಿ ಟಿಕೆಟ್ ಮಷಿನು ತೂಗುತ್ತಿತ್ತು. ನಿಲ್ದಾಣದ ಕಿಟಕಿಯಲ್ಲಿ ನೋಂದಣಿ ಮಾಡಿಸಲು ಇಳಿದಿದ್ದ ಆ ಬಸ್ಸಿನ ನಿಜವಾದ ಕಂಡಕ್ಟರು ಅವರು.

ಒಬ್ಬ ಹುಡುಗಿ ಎದ್ದು ನನಗೆ ಸೀಟು ಕೊಟ್ಟಳು. ತವರಿಗೆ ಹೊರಟಿದ್ದೆವು, ನಮ್ಮವರು ಕೆಳಗೇ ಉಳಿದುಬಿಟ್ಟರು ಎಂದು ಪಕ್ಕದ ಮುದುಕಿಗೆ ಹೇಳಿದೆ. ಎಂಜಿನ್ನಿನ ಸದ್ದಿನಲ್ಲಿ ನನ್ನ ಸಣ್ಣ ಧ್ವನಿಯ 'ತವರಿಗೆ', 'ಬಿಟ್ಟರು' ಎಂಬ ತುಣುಕುಗಳು ಮಾತ್ರ ಅವರಿಗೆ ಕೇಳಿದವು. ಅಷ್ಟರಲ್ಲಿ ಆ ಇಬ್ಬರು ಕಂಡಕ್ಟರುಗಳು ಅಕ್ಕಪಕ್ಕ ಓಡುತ್ತಿದ್ದ ಚಿತ್ರ ಮತ್ತೆ ಕಣ್ಣಮುಂದೆ ಬಂದು ನನಗೆ ನಗೆ ಉಕ್ಕಿತು. ಹೆಗಲು ಕುಣಿಯಿತು, ಕಣ್ಣಿಂದ ನೀರು ಸುರಿಯಿತು. ಮುಖ ಮಾತ್ರ ಎಂದಿನ ಹಾಗೇ.

ಮುದುಕಿ ತನ್ನ ಸೆರಗಿನಿಂದ ನನ್ನ ಕಣ್ಣು ಒರೆಸಿದರು. "ಅಳಬ್ಯಾಡ ನನ್ನವ್ವಾ. ಬಿಟ್ಟ್ ಕಳಸಿದ್ರ ಕಳಸ್ಲಿ. ತವರಮನಿ ಅದ ಇಲ್ಲ?"

ಇಡೀ ಬಸ್ಸಿಗೆ ಸುದ್ದಿ ಹರಡಿತು: ಈ ವಯಸ್ಸಿನಲ್ಲಿ ಗಂಡ ಹೆಂಡತಿಯನ್ನು ಒಂದು ಚೀಲವೂ ಕೊಡದೆ ಬಸ್ಸು ಹತ್ತಿಸಿ ತವರಿಗೆ ಅಟ್ಟಿದ್ದಾನೆ. ಒಬ್ಬರು ಸೌತೆಕಾಯಿ ಹೆಚ್ಚಿ ಕೊಟ್ಟರು. ಒಬ್ಬರು ಬೆನ್ನು ಸವರಿದರು. ಮುಂದಿನ ಸೀಟಿನ ಹೆಣ್ಣುಮಗಳು ತಿರುಗಿ, ಔರಾದ ಕೋರ್ಟಿನಲ್ಲಿ ತನ್ನ ಅಣ್ಣ ವಕೀಲನಿದ್ದಾನೆ, ಹೆದರುವ ಕಾರಣವಿಲ್ಲ ಎಂದಳು. ಊರು ಮುಗಿಯುವಷ್ಟರಲ್ಲಿ ನನಗೆ ಒಬ್ಬ ವಕೀಲ, ಅರ್ಧ ಸೌತೆಕಾಯಿ ಮತ್ತು ಅಳುವುದಕ್ಕೆ ಮೂರು ಹೆಗಲು ಸಿಕ್ಕಿದ್ದವು. ಅವರು ಸಮಾಧಾನ ಮಾಡಿದಷ್ಟೂ ನನ್ನ ನಗು ಹೆಚ್ಚಿತು, ನನ್ನ ನಗು ಹೆಚ್ಚಿದಷ್ಟೂ ಅವರ ಮರುಕ ಹೆಚ್ಚಿತು.

ಬಸ್ಸಿನ ತುಂಬ ಹೆಂಗಸರು. ನಮಗೆ ಬಸ್ಸು ಪುಕ್ಕಟೆ, ಆದ್ದರಿಂದ ಕಂಡಕ್ಟರು ಬಂದಿಲ್ಲವಲ್ಲ ಎಂದು ಯಾರಿಗೂ ಅನಿಸಲಿಲ್ಲ. ಚಿಲ್ಲರೆ ಹಿಡಿದು ಕಾಯುತ್ತಿದ್ದ ಗಂಡಸರೊಬ್ಬರು ಕೊನೆಗೆ ಕಂಡಕ್ಟರ್ ಎಲ್ಲಿ ಎಂದು ಕೇಳಿದರು. ಡ್ರೈವರು ಬಸ್ಸನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ ಸೀಟುಗಳ ಕೆಳಗೂ ಹುಡುಕಿದರು. ರೈಟ್ ಅಂದದ್ದು ತಾನು ಕಿವಿಯಾರೆ ಕೇಳಿದ್ದೇನೆ, ಅಂಥ ರೈಟು ಈಗಿನ ಕಾಲದವರಿಗೆ ಹೊಡೆಯಲು ಬರುವುದಿಲ್ಲ, ಎಷ್ಟು ಚೆಂದ ಇತ್ತು ಎಂದು ಹೇಳುತ್ತ ನಿಂತರು.

ಅಷ್ಟರಲ್ಲಿ ಒಂದು ಆಟೊ ಬಂತು. ಇಬ್ಬರೂ ಕಂಡಕ್ಟರುಗಳು ಇಳಿದರು. ದಾರಿಯಲ್ಲೇ ಇಬ್ಬರಿಗೂ ಗೆಳೆತನವಾಗಿತ್ತು, ನಮ್ಮವರ ಒಂದು ಚೀಲ ಅವರ ಕೈಯಲ್ಲಿತ್ತು. ನಮ್ಮವರು ಬೆವರು ಒರೆಸುತ್ತ ಬಸ್ಸು ಹತ್ತಿದರು. ಅಷ್ಟೂ ಹೆಂಗಸರು ಅವರನ್ನೇ ನೋಡಿದರು.

"ಯಾಕಪ್ಪಾ, ಕಟ್ಕೊಂಡಾಕಿಗಿ ಬಸ್ ಹತ್ತಿಸಿ ಕೈ ತೊಳ್ಕೊಂಡ್ಯಾ?" ಎಂದು ಮುದುಕಿ ಕೇಳಿದರು.

ನಮ್ಮವರು ನನ್ನ ಕಡೆ ತಿರುಗಿದರು. ಎಂಜಿನ್ನು ಆಫಾಗಿತ್ತು, ನನ್ನ ಧ್ವನಿ ಈಗ ಕೇಳುವ ಹಾಗಿತ್ತು.

"ನಾ ಅಳ್ಳಕತ್ತಿಲ್ರಿ. ನಗಲಕತ್ತೀನಿ," ಎಂದೆ.

ಯಾರೂ ನಂಬಲಿಲ್ಲ. ಮುದುಕಿ ನನ್ನ ಕೈ ಒತ್ತಿ ಹಿಡಿದು, ಪಕ್ಕದವರಿಗೆ, "ಪಾಪ, ಎಷ್ಟ್ ಅಂಜಸಿ ಇಟ್ಟಾನ ನೋಡ್ರಿ," ಎಂದರು.

ಕೊನೆಗೆ ನಮ್ಮವರು ಬಸ್ಸಿನ ನಡುವೆ ಕಂಬಿ ಹಿಡಿದು ನಿಂತು, ನನ್ನ ಕಾಯಿಲೆ ಏನು, ಮುಖ ಯಾಕೆ ಹೀಗೆ, ಕಾಲು ಯಾಕೆ ನಿಲ್ಲುತ್ತದೆ, ರೈಟ್ ಯಾಕೆ ಅನ್ನಬೇಕು ಎಲ್ಲವನ್ನೂ ಹೇಳಿದರು. ಎರಡು ವರ್ಷ ನಾನು ಓಣಿಗೆ ತಿಳಿಯದ ಹಾಗೆ ಮುಚ್ಚಿಟ್ಟಿದ್ದ ಸಂಗತಿ ಒಂದು ಬಸ್ಸು ಜನಕ್ಕೆ, ಆಟೊದವನಿಗೆ ಸಹಿತ ತಿಳಿಯಿತು. ಭೂಮಿ ಬಾಯಿ ಬಿಡಬಾರದೇ ಎಂದು ನನಗೆ ಅನಿಸಬೇಕಿತ್ತು. ಹಾಗೇನೂ ಆಗಲಿಲ್ಲ. ಸೌತೆಕಾಯಿ ಕೊಟ್ಟವರು ತಮ್ಮ ಮಾವನಿಗೂ ಇದೇ ಇತ್ತು ಎಂದರು. ವಕೀಲರ ತಂಗಿಗೆ ಸ್ವಲ್ಪ ನಿರಾಸೆಯಾದ ಹಾಗೆ ಕಂಡಿತು. ಮುದುಕಿ ನನ್ನ ಮುಖವನ್ನು ಹತ್ತಿರದಿಂದ ನೋಡಿ, ಈಗ ನಗುತ್ತಿದ್ದೀಯೋ ಇಲ್ಲವೋ ಎಂದು ಸಂತಪುರ ಬರುವವರೆಗೆ ಕೇಳುತ್ತಲೇ ಇದ್ದರು. ಕಂಡಕ್ಟರು ಬಂದು ನನ್ನ ಆಧಾರ್ ಕಾರ್ಡು ಕೇಳಿದರು. ಯಾರ ಮುಖವೂ ಆ ಕಾರ್ಡಿನ ಫೋಟೊವನ್ನು ಹೋಲುವುದಿಲ್ಲ, ನನ್ನದು ಮಾತ್ರ ಈಗ ತಪ್ಪಿಲ್ಲದೆ ಹೋಲುತ್ತದೆ.

ಎಕಂಬಾದಲ್ಲಿ ನಾನು ಉಣ್ಣುವಾಗ ಸಾರು ಚೆಲ್ಲಿತು. ತಮ್ಮನ ಹೆಂಡತಿ ತಟ್ಟೆ ತೆಗೆದು ಎತ್ತರದ ಅಂಚಿನ ಬೋಗುಣಿ ಇಟ್ಟಳು. ಅಲ್ಲಿಗೆ ಆ ಮಾತು ಮುಗಿಯಿತು. ಸಂಜೆ ಬುದ್ಧವಂದನೆ ಹೇಳಿಕೊಡಲು ಬೌದ್ಧ ಭಿಕ್ಷು ಭಂತೇಜಿ ಬಂದಿದ್ದರು. ಮಕ್ಕಳು ಗದ್ದಲ ಮಾಡುತ್ತಿದ್ದರು, ಹೆಂಗಸರು ಸೀರೆ ನೋಡುತ್ತಿದ್ದರು, ಗಂಡಸರ ಕಣ್ಣು ಅಡುಗೆಯ ಕಡೆಗಿತ್ತು. ನಾನೊಬ್ಬಳೇ ಮುಂದಿನ ಸಾಲಿನಲ್ಲಿ ಅಲ್ಲಾಡದೆ ಕೂತಿದ್ದೆ. ಉಪದೇಶದ ನಡುವೆ ಭಂತೇಜಿ ನನ್ನನ್ನು ತೋರಿಸಿ, ಸುಖದುಃಖ ಎರಡಕ್ಕೂ ಅಲುಗದ ಮನಸ್ಸು ಎಂದರೆ ಹೇಗಿರುತ್ತದೆ ಎಂದು ಈ ತಾಯಿಯ ಮುಖ ನೋಡಿ ಕಲಿಯಿರಿ ಎಂದರು. ಆ ಹೊತ್ತಿಗೆ ನಾನು, ಭಂತೇಜಿಯ ಪಕ್ಕದಲ್ಲಿ ಕೂತಿದ್ದ ತಮ್ಮನ ಮಾವನವರ ಟೋಪಿಯ ಮೇಲೆ ಹರಿದಾಡುತ್ತಿದ್ದ ಕಪ್ಪು ಜೀರುಂಡೆ ಯಾವಾಗ ಕೊರಳಿಗೆ ಇಳಿಯುತ್ತದೆ ಎಂದು ಕಾಯುತ್ತಿದ್ದೆ. ಹಿಂದಿನ ಸಾಲಿನಲ್ಲಿ ನಮ್ಮವರು ಕೆಮ್ಮುವ ನೆಪ ಮಾಡಿ ಎದ್ದು ಹೊರಗೆ ಹೋದರು.

ಕೆಟ್ಟ ದಿನಗಳು ಈಗಲೂ ಬರುತ್ತವೆ. ಗುಳಿಗೆಯ ಹೊತ್ತು ತಪ್ಪಿದರೆ ಮೈ ಮರದ ಕೊರಡಾಗುತ್ತದೆ, ಕೆಲವು ಬೆಳಿಗ್ಗೆ ಏಳುವುದೇ ಬೇಡ ಅನಿಸುತ್ತದೆ. ಹಾಗೆ ಅನಿಸಿದರೆ ಹೇಳುತ್ತೇನೆ, ಅವರಿಗೆ ಅನಿಸಿದರೆ ಅವರು ಹೇಳುತ್ತಾರೆ. ಹದಿನೈದು ದಿನಕ್ಕೊಮ್ಮೆ ಎಲ್ಲಿಗಾದರೂ ಬಸ್ಸಿನಲ್ಲಿ ಹೋಗಿಬರುತ್ತೇವೆ. ಹೋದ ಭಾನುವಾರ ಭಾಲ್ಕಿಗೆ ಮಗಳ ಮನೆಗೆ ಹೊರಟೆವು. ಕಿಟಕಿಯ ಪಕ್ಕದ ಸೀಟಿಗೆ ಜಗಳವಾಯಿತು. ಕಾಯಿಲೆಯವಳು ನಾನು, ಗಾಳಿ ನನಗೆ ಬೇಕು ಎಂದೆ. ಮೂವತ್ತು ವರ್ಷ ಬಸ್ಸಿನಲ್ಲಿ ನಿಂತೇ ಹೋಗಿದ್ದೇನೆ, ದಾರಿ ಬದಿಯ ಹೊಲ ಹೇಗಿರುತ್ತದೆ ಎಂದು ಕೂತು ನೋಡಿಲ್ಲ ಎಂದು ಅವರೆಂದರು. ಹೋಗುವಾಗ ಅವರು ಕೂತರು. ಹಾಲಹಳ್ಳಿ ಬರುವ ಮೊದಲೇ ಗಾಜಿಗೆ ತಲೆಯಿಟ್ಟು ನಿದ್ದೆ ಹೋದರು. ಹೊಲಗಳನ್ನೆಲ್ಲ ಅವರ ಬೊಕ್ಕತಲೆಯ ಮೇಲಿಂದ ನಾನೇ ನೋಡಿದೆ. ತೊಗರಿ ಹೂಬಿಟ್ಟಿತ್ತು.